ಹಾಲುಹಲ್ಲಿನ ಕುದುರೆ

ಅಣ್ಣನ ಮಗಳಿಗೆ ಹನ್ನೊಂದು ವರ್ಷ. ಎರಡು ವರ್ಷದಿಂದ ಅವಳಿಗೆ ಕುದುರೆ ಹುಚ್ಚು. ಅಣ್ಣನಿಗೆ ಭಾನುವಾರವೂ ಕೆಲಸ ಇರೋದರಿಂದ ಊರಾಚೆಯ ಒಂದು ರೈಡಿಂಗ್ ಶಾಲೆಗೆ ಅವಳನ್ನು ಕರಕೊಂಡು ಹೋಗಿ ಬರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವಳು ಸವಾರಿ ಮಾಡುವಷ್ಟು ಹೊತ್ತು ನಾನು ಬೇವಿನ ಮರದ ಕೆಳಗೆ ಕೂತು ಏನಾದರೂ ಓದ್ತಿರ್ತೀನಿ.

ಕಳೆದ ವರ್ಷ ಮಳೆಗಾಲದಲ್ಲಿ ಆ ಶಾಲೆಗೆ ಹೊಸದಾಗಿ ಒಂದು ಹೆಣ್ಣು ಪೋನಿ ಬಂತು. ಕಂದು ಮೈ, ಹಣೆ ಮೇಲೆ ಬಿಳಿ ಬೊಟ್ಟು. ಮಕ್ಕಳೆಲ್ಲ ಸೇರಿ ಚುಕ್ಕಿ ಅಂತ ಹೆಸರಿಟ್ಟರು. ನಮ್ಮ ಹುಡುಗಿ ಹಗುರ, ಪೋನಿಯೂ ಹಗುರ, ಜೋಡಿ ಚೆನ್ನಾಗಿದೆ ಅಂತ ತರಬೇತುದಾರರು ಇಬ್ಬರನ್ನೂ ಜೊತೆ ಮಾಡಿದರು. ತಿಂಗಳೊಳಗೆ ನೆಲದ ಮೇಲಿನ ಕೋಲು ದಾಟೋದು ಆಯಿತು, ಆಮೇಲೆ ಒಂದಡಿ, ಆಮೇಲೆ ಎರಡಡಿ. ಊರಲ್ಲಿ ಯಾವುದೋ ಸ್ಪರ್ಧೆ ಇತ್ತು, ಅಷ್ಟರೊಳಗೆ ಎರಡೂವರೆ ಅಡಿ ಹಾರಿಸಬೇಕು ಅಂತ ಅವಸರ. ಹುಡುಗಿ ಖುಷಿಯಲ್ಲಿ ತೇಲಾಡ್ತಿದ್ದಳು. ನಾನೂ ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಮನೆಯವರಿಗೆಲ್ಲ ಕಳಿಸಿದ್ದೆ, ಸುಳ್ಳು ಯಾಕೆ ಹೇಳಲಿ.

ಒಂದು ಭಾನುವಾರ ಲಾಯದಲ್ಲಿ ಕೆಲಸ ಮಾಡುವ ಮುದುಕರೊಬ್ಬರು ನನ್ನನ್ನು ಕೈಸನ್ನೆ ಮಾಡಿ ಕರೆದರು. ಚುಕ್ಕಿಯ ತುಟಿ ಎತ್ತಿ ಹಿಡಿದು, “ಸಾರ್, ಇಲ್ಲಿ ನೋಡಿ” ಅಂದರು. ನಡುವಿನ ಎರಡು ಹಲ್ಲು ದೊಡ್ಡದಾಗಿ, ಹಳದಿಯಾಗಿ, ಆಗಷ್ಟೇ ಮೇಲೆದ್ದಿದ್ದವು. ಅಕ್ಕಪಕ್ಕದವೆಲ್ಲ ಸಣ್ಣಗೆ, ಬೆಳ್ಳಗೆ ಇದ್ದವು. “ಎರಡೇ ಹಲ್ಲು ಬಿದ್ದು ಬಂದಿರೋದು. ಮಿಕ್ಕಿದ್ದೆಲ್ಲ ಹಾಲುಹಲ್ಲೇ. ಇದು ಇನ್ನೂ ಮಗು ಸಾರ್. ಪಾಪುನ ಹತ್ತಿರ ಹಾರಿಸಬೇಡಿ ಅಂತ ಹೇಳಿ. ನಾನು ಹೇಳಿದ್ರೆ ಕೆಲಸ ಹೋಗುತ್ತೆ.”

ಶಾಲೆಯವರು ನಮಗೆ ಹೇಳಿದ್ದು ಐದು ವರ್ಷ ಅಂತ.

ನನಗೆ ಕುದುರೆಯ ವಿಷಯ ಅಷ್ಟಾಗಿ ಗೊತ್ತಿರಲಿಲ್ಲ. ಆದರೆ ಹಲ್ಲು ನೋಡೋದು ಗೊತ್ತಿತ್ತು. ನಮ್ಮದು ಕುಣಿಗಲ್ ಸೀಮೆ. ಅಲ್ಲಿನ ಕೆರೆ ಹಾಡಿನಿಂದ ಹೆಸರಾದದ್ದು, ಊರು ಕುದುರೆ ಫಾರಂನಿಂದ. ಟಿಪ್ಪುವಿನ ಕಾಲದಿಂದಲೂ ಅಲ್ಲಿ ಕುದುರೆ ಸಾಕ್ತಿದ್ದರು ಅಂತ ಹೇಳ್ತಾರೆ. ಹಾಗಂತ ಕುಣಿಗಲ್‌ನವರಿಗೆಲ್ಲ ಕುದುರೆ ಗೊತ್ತು ಅಂದುಕೊಳ್ಳಬೇಡಿ. ನಮಗೆ ಗೊತ್ತಿದ್ದದ್ದು ಎತ್ತು. ನಮ್ಮಜ್ಜ ಜಾತ್ರೆಗೆ ಹೋದರೆ ಮೊದಲು ಹೋರಿಯ ಬಾಯಿ ತೆರೆಸೋರು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಎಂಟೂ ಬಂದರೆ ‘ಬಾಯಿಗೂಡಿತು’. ದನಕ್ಕೆ ಮೇಲ್ದವಡೆಯಲ್ಲಿ ಮುಂಭಾಗದ ಹಲ್ಲೇ ಇಲ್ಲ, ಹಾಗಾಗಿ ಲೆಕ್ಕವೆಲ್ಲ ಕೆಳಗಿನ ಸಾಲಿನದು. ಎರಡು ಹಲ್ಲಿನ ಹೋರಿಗೆ ಅಜ್ಜ ನೊಗದ ಅಭ್ಯಾಸ ಮಾಡಿಸೋರು, ಹಳೇ ಎತ್ತಿನ ಜೊತೆ ಕಟ್ಟಿ ಸಣ್ಣ ದಿಮ್ಮಿ ಎಳೆಸೋರು. ಆದರೆ ತುಂಬಿದ ಗಾಡಿಗೆ, ಕೆರೆಯಂಗಳದ ಜಿಗುಟು ಮಣ್ಣಿನ ಉಳುಮೆಗೆ ಕಟ್ಟುತ್ತಿರಲಿಲ್ಲ. ಯಾರಾದರೂ ಕಟ್ಟಿದರೆ, “ಕರೀನ ಕೊಂದು ದುಡ್ಡು ಮಾಡ್ತಾನೆ” ಅಂತ ಬೈಯೋರು.

ಕುದುರೆಯ ಲೆಕ್ಕವೂ ಹೆಚ್ಚುಕಮ್ಮಿ ಇದೇ. ಅದಕ್ಕೆ ಮೇಲೂ ಆರು, ಕೆಳಗೂ ಆರು ಮುಂಭಾಗದ ಹಲ್ಲು. ಎರಡೂವರೆ ವರ್ಷದ ಹೊತ್ತಿಗೆ ನಡುವಿನ ಜೋಡಿ ಬಿದ್ದು ಹೊಸದು ಬರುತ್ತೆ, ಮೂರೂವರೆಗೆ ಪಕ್ಕದವು, ನಾಲ್ಕೂವರೆಗೆ ಮೂಲೆಯವು. ಐದಕ್ಕೆ ಬಾಯಿಗೂಡುತ್ತೆ. ಹಾಗಾದರೆ ನಮ್ಮ ಚುಕ್ಕಿಗೆ ಎರಡೂವರೆ, ಹೆಚ್ಚೆಂದರೆ ಮೂರು ತುಂಬುತ್ತಿತ್ತು. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುವ ಗಾದೆ ನಮ್ಮಲ್ಲಿದೆಯಲ್ಲ. ಚುಕ್ಕಿ ದಾನ ಅಲ್ಲ, ಗಂಟೆಗಿಷ್ಟು ಅಂತ ದುಡ್ಡು ಕಟ್ಟುತ್ತಿದ್ದೆವು. ಆದರೂ ಎಣಿಸಿರಲಿಲ್ಲ.

ಆವತ್ತು ರಾತ್ರಿಯಿಂದ ಓದೋಕೆ ಶುರು ಮಾಡಿದೆ. ಕುದುರೆಯ ಮೇಲೆ ಯಾವ ವಯಸ್ಸಿಗೆ ಭಾರ ಹಾಕಬೇಕು ಅನ್ನೋ ಪ್ರಶ್ನೆ ಇವತ್ತಿನದಲ್ಲ. ಕುದುರೆ ತರಬೇತಿಯ ಬಗ್ಗೆ ಸಿಕ್ಕಿರುವ ಅತಿ ಹಳೆಯ ಬರಹಗಳಲ್ಲಿ ಒಂದು ಟರ್ಕಿಯ ಹತ್ತುಸಾದಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆಗಳಲ್ಲಿದೆ. ಕ್ರಿಸ್ತಪೂರ್ವ 14ನೇ ಶತಮಾನದ ಸುಮಾರಿನದು. ಬರೆಸಿದವನು ಮಿತನ್ನಿ ದೇಶದ ಕಿಕ್ಕುಲಿ ಎಂಬ ಕುದುರೆ ಪಳಗಿಸುವವನು. ಭಾಷೆ ಹಿಟ್ಟೈಟ್, ಆದರೆ ಕುದುರೆ ಓಡಿಸುವ ಸುತ್ತುಗಳಿಗೆ ಅವನು ಬಳಸುವ ಪದಗಳು ಐಕ ವರ್ತನ್ನ, ತೇರ ವರ್ತನ್ನ, ಪಂಜ ವರ್ತನ್ನ, ಸತ್ತ ವರ್ತನ್ನ. ಏಕ, ತ್ರಯ, ಪಂಚ, ಸಪ್ತ! ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು, ವಿಷಯಕ್ಕೆ ಇದರಿಂದ ದೊಡ್ಡ ಉಪಯೋಗವಿಲ್ಲದಿದ್ದರೂ ಬಿಡೋಕೆ ಮನಸ್ಸು ಬರಲಿಲ್ಲ. ಕಿಕ್ಕುಲಿಯ ಪಾಠ ತಿಂಗಳುಗಟ್ಟಲೆ ನಡೆಯುವಂಥದ್ದು. ಎಷ್ಟು ದೂರ, ಎಷ್ಟು ಮೇವು, ಯಾವಾಗ ನೀರು, ಯಾವಾಗ ಸ್ನಾನ ಎಲ್ಲಕ್ಕೂ ದಿನದಿನದ ಲೆಕ್ಕ ಇದೆ.

ಅವನಾದ ಸಾವಿರ ವರ್ಷಕ್ಕೆ ಗ್ರೀಸಿನ ಝೆನೋಫೋನ್. ಸಾಕ್ರೆಟೀಸನ ಶಿಷ್ಯ, ಸೈನಿಕ, ಕುದುರೆ ಪ್ರೇಮಿ. ಕುದುರೆ ಸವಾರಿಯ ಮೇಲೆ ಅವನು ಬರೆದ ಸಣ್ಣ ಪುಸ್ತಕವನ್ನು ಇವತ್ತಿಗೂ ಸವಾರರು ಓದ್ತಾರೆ. ಮರಿ ಕೊಳ್ಳುವಾಗ ಮೊದಲು ಗೊರಸು ನೋಡು ಅಂತಾನೆ, ಅಡಿಪಾಯ ಸರಿ ಇಲ್ಲದ ಮನೆ ಕೊಂಡಂತೆ ಆಗಬಾರದು ಅಂತ. ಮರಿಯನ್ನು ಪಳಗಿಸೋಕೆ ಕೊಡುವಾಗ ಮಗನನ್ನು ಕಸುಬು ಕಲಿಯಲು ಕಳಿಸುವಾಗ ಮಾಡುವ ಹಾಗೆ ಏನೇನು ಕಲಿಸಬೇಕು ಅಂತ ಕರಾರು ಬರೆಸಿಕೋ ಅಂತಾನೆ. ನನಗೆ ಹಿಡಿಸಿದ್ದು ಹಾರುವ ಪಾಠ. ಹಾರಲು ಬಾರದ ಕುದುರೆಗೆ ಹಳ್ಳ ದಾಟೋದನ್ನು ಕಲಿಸಬೇಕಾದರೆ ಸವಾರ ಕೆಳಗಿಳಿದು, ಹಗ್ಗ ಸಡಿಲ ಹಿಡಿದು, ಮೊದಲು ತಾನು ದಾಟಿ, ಆಮೇಲೆ ಕುದುರೆಯನ್ನು ಈಚೆಗೆ ಕರೆಯಬೇಕಂತೆ. ಅಂದರೆ ಮೊದಲ ನೆಗೆತ ಬೆನ್ನ ಮೇಲೆ ಭಾರವಿಲ್ಲದೆ. ಎರಡು ಸಾವಿರದ ಮುನ್ನೂರು ವರ್ಷ ಹಿಂದೆ ಬರೆದದ್ದು ಇದು.

ಹಾಗಾದರೆ ಅವಸರ ಯಾವಾಗ ಶುರುವಾಯಿತು? ಕುದುರೆ ಜೂಜಿನ ಮಟ್ಟಿಗೆ ಇದಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರ ಇದೆ: 18ನೇ ಶತಮಾನದ ಕೊನೆಯ ಭಾಗ, ಇಂಗ್ಲೆಂಡ್.

ಅದಕ್ಕೂ ಮುಂಚೆ ಅಲ್ಲಿ ದೊಡ್ಡ ಮರ್ಯಾದೆಯ ಪಂದ್ಯ ಅಂದರೆ ರಾಜನ ಹೆಸರಿನ ಕಿಂಗ್ಸ್ ಪ್ಲೇಟ್. ಆರು ವರ್ಷದ ಕುದುರೆ, ಬೆನ್ನ ಮೇಲೆ 12 ಸ್ಟೋನ್ (ಸುಮಾರು 76 ಕಿಲೋ), ನಾಲ್ಕು ಮೈಲಿ ಓಟ. ಅದೂ ಒಂದೇ ಸಲ ಅಲ್ಲ, ಒಂದೇ ದಿನ ಎರಡು ಮೂರು ಸುತ್ತು. ಕ್ರೂರ ಅನ್ನಿಸಬಹುದು, ಆದರೆ ಓಡುತ್ತಿದ್ದದ್ದು ಬಾಯಿಗೂಡಿದ ಕುದುರೆ. ಇವತ್ತಿನ ಥರೋಬ್ರೆಡ್ ಕುದುರೆಗಳಲ್ಲಿ ಬಹುಪಾಲಿನ ಮೂಲಪುರುಷ ಎಕ್ಲಿಪ್ಸ್ ಹುಟ್ಟಿದ್ದು 1764ರ ಸೂರ್ಯಗ್ರಹಣದ ದಿನ. ಅವನು ಮೊದಲ ಪಂದ್ಯ ಓಡಿದ್ದು 1769ರ ಮೇ ತಿಂಗಳಲ್ಲಿ, ಐದು ತುಂಬಿದ ಮೇಲೆ. 18 ಪಂದ್ಯ ಓಡಿದ, ಒಂದರಲ್ಲೂ ಸೋಲಲಿಲ್ಲ.

ಆಮೇಲಿನ ಇಪ್ಪತ್ತು ವರ್ಷದಲ್ಲಿ ಎಲ್ಲ ಬದಲಾಯಿತು. 1776ರಲ್ಲಿ ಡಾಂಕಾಸ್ಟರ್‌ನಲ್ಲಿ ಸೇಂಟ್ ಲೆಜರ್, 1779ರಲ್ಲಿ ಓಕ್ಸ್, 1780ರಲ್ಲಿ ಡರ್ಬಿ, ಮೂರೂ ಮೂರು ವರ್ಷದ ಕುದುರೆಗಳಿಗೆ. ಮೊದಲ ಡರ್ಬಿಯ ದೂರ ಬರೀ ಒಂದು ಮೈಲಿ. 1786ರಲ್ಲಿ ನ್ಯೂಮಾರ್ಕೆಟ್‌ನಲ್ಲಿ ಎರಡು ವರ್ಷದವಕ್ಕೇ ಅಂತ ಜುಲೈ ಸ್ಟೇಕ್ಸ್ ಬಂತು, ಇವತ್ತಿಗೂ ನಡೆಯುತ್ತೆ. ಅಲ್ಲಿಗೂ ನಿಲ್ಲದೆ ಒಂದು ವರ್ಷದ ಮರಿಗಳನ್ನೂ ಓಡಿಸಿದರು. 19ನೇ ಶತಮಾನದ ಮಧ್ಯದಲ್ಲಿ ಜಾಕಿ ಕ್ಲಬ್ಬೇ ಅದನ್ನು ನಿಷೇಧಿಸಬೇಕಾಯಿತು.

ಕಾರಣ ದುಡ್ಡು, ಬೇರೇನಿಲ್ಲ. ಕುದುರೆಯನ್ನು ಆರು ವರ್ಷ ಸುಮ್ಮನೆ ಮೇಯಿಸಬೇಕು ಅಂದರೆ ಆರು ವರ್ಷದ ಮೇವು, ಆಳಿನ ಸಂಬಳ, ಲಾಯದ ಖರ್ಚು. ಅಷ್ಟೆಲ್ಲ ಸುರಿದ ಮೇಲೆ ಅದು ಓಡೋದೇ ಇಲ್ಲ ಅಂತ ಗೊತ್ತಾದರೆ? ಎರಡನೇ ವರ್ಷಕ್ಕೇ ಓಡಿಸಿದರೆ ಬೇಗ ಗೊತ್ತಾಗುತ್ತೆ, ಬೇಗ ಮಾರಬಹುದು, ಬೇಗ ಬಾಜಿ ಕಟ್ಟಬಹುದು. ಹುಟ್ಟುಹಬ್ಬದ ಲೆಕ್ಕವೂ ಇದಕ್ಕೆ ತಕ್ಕ ಹಾಗೆ ಬದಲಾಯಿತು. ಮೊದಲು ಕುದುರೆಗಳ ವಯಸ್ಸನ್ನು ಮೇ 1ರಿಂದ ಎಣಿಸುತ್ತಿದ್ದರು, ಅದು ಮರಿಗಳು ಹುಟ್ಟುವ ಕಾಲ. 1833ರ ಹೊತ್ತಿಗೆ ನ್ಯೂಮಾರ್ಕೆಟ್‌ನಲ್ಲಿ ಜನವರಿ 1 ಅಂತ ಮಾಡಿದರು, ಮುಂದೆ ಬೇರೆ ಕಡೆಗಳಲ್ಲೂ ಅದೇ ಆಯಿತು. ನಮ್ಮ ದೇಶದ ರೇಸಿನಲ್ಲೂ ಅದೇ ಲೆಕ್ಕ. ಏಪ್ರಿಲ್ ಕೊನೆಗೆ ಹುಟ್ಟಿದ ಮರಿಗೆ ಇಪ್ಪತ್ತು ತಿಂಗಳಾಗುವಾಗಲೇ ಕಾಗದದ ಮೇಲೆ ಎರಡು ವರ್ಷ.

ಇನ್ನೊಂದು ಪರಿಣಾಮವೂ ಆಯಿತು. ಎಳೆಯ ಕುದುರೆ ಭಾರ ಹೊರಲಾರದು, ಹಾಗಾಗಿ ಹಗುರ ಸವಾರ ಬೇಕು. ಹಗುರ ಸವಾರ ಅಂದರೆ ಯಾರು? ಹುಡುಗರು. 1844ರ ಚೆಸ್ಟರ್ ಕಪ್ ಗೆದ್ದದ್ದು ರೆಡ್ ಡಿಯರ್ ಎಂಬ ಮೂರು ವರ್ಷದ ಕುದುರೆ. ಅದರ ಬೆನ್ನ ಮೇಲಿದ್ದ ಭಾರ 4 ಸ್ಟೋನ್, ಅಂದರೆ 25 ಕಿಲೋ ಚಿಲ್ಲರೆ. ಜೀನೂ ಸೇರಿ! ಮೇಲಿದ್ದ ಹುಡುಗ ಕಿಚನರ್ ಇನ್ನೆಷ್ಟು ಇದ್ದಿರಬೇಕು, ಲೆಕ್ಕ ಹಾಕಿ. ನಮ್ಮ ಹುಡುಗಿಯ ತೂಕ 31 ಕಿಲೋ.

ಅದೇ 1844ರ ಮೇ ತಿಂಗಳಲ್ಲಿ ಡರ್ಬಿಯಲ್ಲಿ ನಡೆದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಅದು ಪೂರ್ತಿ ಹಲ್ಲಿನದೇ ಕಥೆ.

ಆ ವರ್ಷ ಗೆದ್ದದ್ದು ರನ್ನಿಂಗ್ ರೇನ್ ಎಂಬ ಕುದುರೆ. ಕಾಗದದಲ್ಲಿ ಒಡೆಯ ಎಪ್ಸಮ್‌ನ ಧಾನ್ಯದ ವ್ಯಾಪಾರಿ ವುಡ್. ಹಿಂದೆ ನಿಂತವನು ಗುಡ್‌ಮನ್ ಎಂಬ ಜೂಜುಕೋರ. ಈ ಕುದುರೆ ಹಿಂದಿನ ವರ್ಷ ಎರಡು ವರ್ಷದವುಗಳ ಪಂದ್ಯದಲ್ಲಿ ಗೆದ್ದಾಗಲೇ ಜನ ಗುಸುಗುಸು ಮಾತಾಡಿದ್ದರು, ಇದು ಮೈಕಟ್ಟಿನಲ್ಲಿ ಎರಡು ವರ್ಷದ್ದಲ್ಲ ಅಂತ. ಆಗ ತಕರಾರು ನಿಲ್ಲಲಿಲ್ಲ. ಡರ್ಬಿಗೆ ಮುಂಚೆ ಲಾರ್ಡ್ ಜಾರ್ಜ್ ಬೆಂಟಿಂಕ್ ಪತ್ತೇದಾರನ ಹಾಗೆ ಊರೂರು ಸುತ್ತಿಸಿ ಸಾಕ್ಷಿ ಕಲೆಹಾಕಿದ. ಆದರೂ ಓಡೋಕೆ ಬಿಟ್ಟರು, ಗೆದ್ದರೆ ಆಮೇಲೆ ನೋಡೋಣ ಅಂತ. ಗೆದ್ದೇ ಬಿಟ್ಟಿತು. ಎರಡನೆಯದಾಗಿ ಬಂದದ್ದು ಆರ್ಲಾಂಡೊ. ಅದರ ಒಡೆಯ ಕರ್ನಲ್ ಪೀಲ್, ಆಗಿನ ಪ್ರಧಾನಿಯ ತಮ್ಮ. ಬಹುಮಾನದ ದುಡ್ಡಿಗಾಗಿ ವ್ಯಾಜ್ಯ ಜುಲೈನಲ್ಲಿ ಲಂಡನ್ ಕೋರ್ಟಿಗೆ ಬಂತು. ನ್ಯಾಯಾಧೀಶ ಆಲ್ಡರ್ಸನ್. ಎರಡೂ ಕಡೆಯವರು ಯಾವ ಮರಿ ಎಲ್ಲಿ ಹುಟ್ಟಿತು, ಯಾರು ಯಾರಿಗೆ ಮಾರಿದರು ಅಂತ ಸಾಕ್ಷಿಗಳನ್ನು ಕರೆಸುತ್ತಾ ಹೋದರು. ನ್ಯಾಯಾಧೀಶರು ಕೇಳಿದ್ದು ಒಂದೇ: ಕುದುರೆಯನ್ನು ತನ್ನಿ, ಬಾಯಿ ನೋಡೋಣ.

ಕುದುರೆ ಬರಲಿಲ್ಲ. ಮಾಯವಾಗಿತ್ತು. ವುಡ್‌ನ ವಕೀಲರು ಕೇಸನ್ನೇ ಕೈಬಿಟ್ಟರು. ಓಡಿದ್ದು ರನ್ನಿಂಗ್ ರೇನ್ ಅಲ್ಲ, ಮ್ಯಾಕಬಿಯಸ್ ಎಂಬ ನಾಲ್ಕು ವರ್ಷದ ಕುದುರೆ. ಡರ್ಬಿ ಆರ್ಲಾಂಡೊಗೆ ಹೋಯಿತು.

ಕಥೆ ಇಲ್ಲಿಗೇ ಮುಗಿಯಲ್ಲ. ಅದೇ ಪಂದ್ಯದಲ್ಲಿ ಲಿಯಾಂಡರ್ ಎಂಬ ಇನ್ನೊಂದು ಕುದುರೆ ಕಾಲು ಮುರಿದುಕೊಂಡಿತ್ತು, ಗುಂಡು ಹೊಡೆದು ಹೂತಿದ್ದರು. ಅನುಮಾನ ಬಂದು ಅದನ್ನೂ ಅಗೆದು ದವಡೆ ಪರೀಕ್ಷೆ ಮಾಡಿದರೆ ಅದೂ ನಾಲ್ಕು ವರ್ಷದ್ದೇ! ಮೂರು ವರ್ಷದವುಗಳ ಒಂದೇ ಪಂದ್ಯದಲ್ಲಿ ಎರಡು ನಾಲ್ಕು ವರ್ಷದವು.

ಇದನ್ನು ಓದಿ ಮೊದಲು ನಕ್ಕೆ. ಆಮೇಲೆ ಯೋಚನೆ ಬಂತು. ಆ ಮೋಸಗಾರರು ಯಾಕೆ ಅಷ್ಟೊಂದು ಕಷ್ಟಪಟ್ಟರು? ಒಂದೇ ಒಂದು ವರ್ಷ ಹೆಚ್ಚು ಬಲಿತ ಎಲುಬು ಎಷ್ಟು ದೊಡ್ಡ ಅನುಕೂಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಳೆಯ ಕುದುರೆಗೆ ಏನೂ ಆಗಲ್ಲ ಅಂತ ಹೇಳುತ್ತಿದ್ದವರೂ, ವಯಸ್ಸು ಮುಚ್ಚಿಟ್ಟು ಬಲಿತ ಕುದುರೆ ಇಳಿಸುತ್ತಿದ್ದವರೂ ಒಂದೇ ಮೈದಾನದಲ್ಲಿದ್ದರು. ನಮ್ಮ ಶಾಲೆಯವರು ಇದನ್ನೇ ತಿರುವುಮುರುವು ಮಾಡಿದ್ದರು ಅಷ್ಟೆ, ಎರಡೂವರೆಯದನ್ನು ಐದು ಅಂದಿದ್ದರು.

ಎಲುಬಿನ ವಿಷಯ ಸ್ವಲ್ಪ ಹೇಳಲೇಬೇಕು. ಮರಿಯ ಎಲುಬಿನ ತುದಿಗಳಲ್ಲಿ ಮೆತ್ತನೆಯ ಪದರ ಇರುತ್ತೆ, ಎಲುಬು ಉದ್ದವಾಗೋದು ಅಲ್ಲಿಂದ. ಬೆಳವಣಿಗೆ ಮುಗಿದ ಮೇಲೆ ಅದು ಗಟ್ಟಿಯಾಗಿ ಕೂಡಿಕೊಳ್ಳುತ್ತೆ. ಎಲ್ಲ ಕಡೆ ಒಟ್ಟಿಗೆ ಅಲ್ಲ, ಕೆಳಗಿನಿಂದ ಮೇಲಕ್ಕೆ. ಗೊರಸಿನ ಹತ್ತಿರದ್ದು ಮೊದಲ ವರ್ಷದಲ್ಲೇ, ಮುಂಗಾಲಿನ ಮಂಡಿಯ ಮೇಲಿನದು ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ. ಸವಾರ ಕೂರುವ ಬೆನ್ನೆಲುಬು ಎಲ್ಲಕ್ಕಿಂತ ಕೊನೆಗೆ, ಐದು ವರ್ಷವೋ ಅದಕ್ಕೂ ಆಮೇಲೋ. ಎತ್ತರ ನೋಡಿ ಮೋಸ ಹೋಗೋದು ಇದಕ್ಕೇ. ಕಾಲು ಬೆಳೆದು ನಿಂತಿರುತ್ತೆ, ಬೆನ್ನು ಇನ್ನೂ ಎಳಸು. ಇನ್ನು ಹಾರಿ ಇಳಿಯುವಾಗ ಮೊದಲು ನೆಲ ಮುಟ್ಟೋದು ಒಂದೇ ಮುಂಗಾಲು, ಆ ಒಂದು ಕ್ಷಣ ಕುದುರೆ, ಸವಾರ, ಜೀನು ಎಲ್ಲದರ ಭಾರ ಅದರ ಮೇಲೆ.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳ್ತೀನಿ. ಎಲುಬು ಸುಮ್ಮನಿದ್ದರೆ ಬಲಿಯೋದಿಲ್ಲ, ಕೆಲಸ ಕೊಟ್ಟರೇ ಗಟ್ಟಿಯಾಗೋದು. ಜರ್ಮನಿಯ ಜೂಲಿಯಸ್ ವುಲ್ಫ್ 1892ರಲ್ಲೇ ಇದನ್ನು ಬರೆದ. ಹುಲ್ಲುಗಾವಲಿನಲ್ಲಿ ಓಡಿ ಬೆಳೆದ ಮರಿ, ಲಾಯದಲ್ಲೇ ನಿಂತು ಬೆಳೆದ ಮರಿಗಿಂತ ಗಟ್ಟಿ. ಎರಡು ವರ್ಷಕ್ಕೆ ಅಭ್ಯಾಸ ಶುರು ಮಾಡಿದ ರೇಸ್ ಕುದುರೆಗಳು ತಡವಾಗಿ ಶುರು ಮಾಡಿದವಕ್ಕಿಂತ ಹೆಚ್ಚು ಕಾಲ ಓಡುತ್ತವೆ ಅಂತ ತೋರಿಸುವ ಅಧ್ಯಯನಗಳೂ ಇವೆ. ರೇಸಿನವರು ಇದನ್ನು ಎತ್ತಿ ಹೇಳ್ತಾರೆ. ಆದರೆ ಎರಡಕ್ಕೇ ಓಡಲು ಆರಿಸಿದವು ಮೊದಲೇ ಗಟ್ಟಿಮುಟ್ಟಾದವು, ಮೈದಾನಕ್ಕೆ ಬರೋ ಮೊದಲೇ ಕುಂಟಾದವು ಎಷ್ಟೋ ಸಲ ಲೆಕ್ಕಕ್ಕೇ ಸಿಗೋದಿಲ್ಲ. ಜೊತೆಗೆ, ಮರಿ ತಾನಾಗಿ ನೆಗೆಯೋದು ಬೇರೆ, ವಾರಕ್ಕೆ ಆರು ದಿನ ಬೆನ್ನ ಮೇಲೆ ಜನ ಕೂತು ನೆಗೆಸೋದು ಬೇರೆ. ಅಜ್ಜ ಎರಡು ಹಲ್ಲಿನ ಹೋರಿಗೆ ದಿಮ್ಮಿ ಎಳೆಸುತ್ತಿದ್ದರು, ಗಾಡಿ ಎಳೆಸುತ್ತಿರಲಿಲ್ಲ. ನನಗೆ ಅರ್ಥವಾಗಿರೋದು ಅಷ್ಟೆ.

ಹಾರುವ ಕುದುರೆಗಳ ಚರಿತ್ರೆಯಲ್ಲಿ ಗಾಳಿ ನಿಧಾನವಾಗಿ ತಿರುಗಿದೆ. ಲಿವರ್‌ಪೂಲ್ ಹತ್ತಿರದ ಗ್ರ್ಯಾಂಡ್ ನ್ಯಾಷನಲ್ ಅಂದರೆ ನಾಲ್ಕು ಮೈಲಿಗೂ ಮೇಲ್ಪಟ್ಟ ಓಟ, ಮೂವತ್ತು ಬೇಲಿ. 1865ರಲ್ಲಿ ಆಲ್ಸಿಬಿಯಾಡ್, 1876ರಲ್ಲಿ ರೀಗಲ್, 1877ರಲ್ಲಿ ಆಸ್ಟರ್ಲಿಟ್ಜ್, 1880ರಲ್ಲಿ ಎಂಪ್ರೆಸ್, 1909ರಲ್ಲಿ ಲುಟರ್, ಇಷ್ಟೂ ಗೆದ್ದದ್ದು ಐದನೇ ವಯಸ್ಸಿಗೆ. ಈಗ ಏಳು ವರ್ಷ ಆಗದ ಕುದುರೆಯನ್ನು ಆ ಪಂದ್ಯಕ್ಕೆ ಸೇರಿಸೋದೇ ಇಲ್ಲ. 2022ರಲ್ಲಿ ನೋಬಲ್ ಯೇಟ್ಸ್ ಏಳನೇ ವಯಸ್ಸಿಗೆ ಗೆದ್ದಾಗ ಅದೇ ದೊಡ್ಡ ಸುದ್ದಿ, 1940ರ ನಂತರ ಅಷ್ಟು ಎಳೆಯದು ಗೆದ್ದಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಹಾರುವ ಕುದುರೆಗೆ ಕನಿಷ್ಠ ಒಂಬತ್ತು ವರ್ಷ ಆಗಿರಬೇಕು.

ಅತಿ ಎತ್ತರದ ನೆಗೆತದ ದಾಖಲೆ ಚಿಲಿ ದೇಶದ ವಾಸೊ ಎಂಬ ಕುದುರೆಯದು. 1949ರ ಫೆಬ್ರವರಿ 5, ಬೀನ್ಯಾ ದೆಲ್ ಮಾರ್, 2.47 ಮೀಟರ್. ಮೇಲೆ ಕ್ಯಾಪ್ಟನ್ ಲಾರ್ರಾಗಿಬೆಲ್. ಮೊದಲ ಸಲ ಕುದುರೆ ಹಾರದೆ ನಿಂತಿತು, ಎರಡನೇ ಸಲ ಕೋಲು ಬೀಳಿಸಿತು, ಮೂರನೇ ಸಲ ದಾಟಿತು. ಈ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಆ ಕುದುರೆ ಹುಟ್ಟಿದ್ದು 1933ರಲ್ಲಿ. ಎಳೆ ವಯಸ್ಸಿಗೆ ಅದನ್ನೂ ರೇಸಿಗೆ ಬಿಟ್ಟಿದ್ದರು, ಅಲ್ಲಿ ಹೆಸರು ಮಾಡಲಿಲ್ಲ.

ನಮ್ಮ ಹುಡುಗಿಗೆ ನಾನು ಹೇಳಿದ್ದು ಮಾತ್ರ ಸ್ಟ್ರೋಲರ್‌ನ ಕಥೆ. ಅದು ಪೋನಿ, ಅಳತೆ ಹದಿನಾಲ್ಕು ಗೇಣಿಗೆ ಸ್ವಲ್ಪ ಮೇಲೆ (ಇಲ್ಲಿ ಗೇಣು ಅಂದರೆ ನಾಲ್ಕಂಗುಲದ ಅವರ ‘ಹ್ಯಾಂಡ್’, ನಮ್ಮ ಗೇಣಲ್ಲ). ಹುಟ್ಟಿದ್ದು 1950ರಲ್ಲಿ. ಮರಿಯನ್ ಕೋಕ್ಸ್ ಎಂಬ ಹುಡುಗಿಗೆ ಅಪ್ಪ ಕೊಡಿಸಿದ್ದು. ಅವಳು ಬೆಳೆದು ದೊಡ್ಡ ಕುದುರೆಗೆ ಹೋಗಬೇಕಾದ ವಯಸ್ಸು ಬಂದಾಗಲೂ ಬಿಟ್ಟುಕೊಡಲಿಲ್ಲ. 1967ರಲ್ಲಿ ಹಿಕ್‌ಸ್ಟೆಡ್ ಡರ್ಬಿ ಗೆದ್ದರು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ದೊಡ್ಡ ದೊಡ್ಡ ಕುದುರೆಗಳ ನಡುವೆ ಈ ಪೋನಿಗೆ ವೈಯಕ್ತಿಕ ಬೆಳ್ಳಿ. ಆಗ ಅದಕ್ಕೆ 18 ವರ್ಷ. ಹಲ್ಲುನೋವು ಬೇರೆ ಇತ್ತಂತೆ, ನೋಡಿ ಇಲ್ಲೂ ಹಲ್ಲು! ಸತ್ತದ್ದು 36ನೇ ವಯಸ್ಸಿಗೆ.

“ಹದಿನೆಂಟಾ?” ಅಂತ ಕೇಳಿದಳು. ಹೌದು ಅಂದೆ. ಸುಮ್ಮನೆ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು. “ಚುಕ್ಕಿಗೆ ಹದಿನೆಂಟಾಗೋ ಹೊತ್ತಿಗೆ ನನಗೆ ಇಪ್ಪತ್ತಾರು ಚಿಕ್ಕಪ್ಪ.”

ತರಬೇತುದಾರರ ಹತ್ತಿರ ನಾನು ಮಾತಾಡಿದೆ, ಮುದುಕರ ಹೆಸರು ಎತ್ತಲಿಲ್ಲ. ಹಲ್ಲು ನೋಡೋಕೆ ನನಗೇ ಬರುತ್ತೆ, ನಮ್ಮದು ಎತ್ತಿನ ಮನೆತನ ಅಂದೆ. ಅವರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಕೊನೆಗೆ ಸ್ಪರ್ಧೆಗೆ ಬೇರೆ ಕುದುರೆ ಕೊಡ್ತೀವಿ ಅಂದರು. ನಮ್ಮ ಹುಡುಗಿ ಸ್ಪರ್ಧೆಗೇ ಹೋಗಲಿಲ್ಲ, ಎರಡು ದಿನ ಅತ್ತಳು. ಚುಕ್ಕಿಯನ್ನು ಮಾತ್ರ ಇನ್ನೊಬ್ಬ ಹುಡುಗ ಹಾರಿಸಿದ. ಅದಾಗಿ ಮೂರು ವಾರಕ್ಕೆ ಎಡ ಮುಂಗಾಲು ಊದಿಕೊಂಡಿತು. ಡಾಕ್ಟರು ಎಕ್ಸ್‌ರೇ ತೆಗೆಸಿ ಆರು ತಿಂಗಳು ಜೀನೇ ಹಾಕಬೇಡಿ ಅಂದರಂತೆ. ಆರು ತಿಂಗಳು ಸುಮ್ಮನೆ ಮೇವು ಹಾಕೋದು ಯಾರು? ಮಾರಿಬಿಡ್ತೀವಿ ಅಂದರು. ಅಣ್ಣನ ಹತ್ತಿರ ನಾನು ಹೇಗೆ ಮಾತಾಡಿದೆ, ಅತ್ತಿಗೆ ಏನಂದರು, ಅದೆಲ್ಲ ಬರೆದರೆ ಇನ್ನೊಂದು ಅಂಕಣ ಆಗುತ್ತೆ.

ಈಗ ಚುಕ್ಕಿ ನಮ್ಮೂರ ತೋಟದಲ್ಲಿದೆ. ಅಜ್ಜನ ಎತ್ತಿನ ಕೊಟ್ಟಿಗೆಗೆ ನೆಲ ಎತ್ತರಿಸಿ, ಗೋದಲಿ ಸರಿ ಮಾಡಿಸಿದ್ದೇವೆ. ಲಾಯದ ಮುದುಕರು ತಿಂಗಳಿಗೊಮ್ಮೆ ಬಸ್ಸು ಹಿಡಿದು ಬಂದು ಗೊರಸು ನೋಡಿ ಹೋಗ್ತಾರೆ. ಕುಂಟು ಹೋಗಿದೆ, ಜೀನು ಇನ್ನೂ ಹಾಕಿಲ್ಲ. ಹೋದ ಭಾನುವಾರ ಅವರು ತುಟಿ ಎತ್ತಿ ಹಿಡಿದರು, ಹುಡುಗಿ ಬಗ್ಗಿ ನೋಡಿದಳು. ನಡುವಿನ ಜೋಡಿಯ ಪಕ್ಕ, ಮೇಲೆರಡು ಕೆಳಗೆರಡು, ಹೊಸ ಹಲ್ಲಿನ ತುದಿ ಕಾಣ್ತಿತ್ತು. ಬಿದ್ದ ಹಾಲುಹಲ್ಲು ಎಲ್ಲಾದರೂ ಸಿಗುತ್ತಾ ಅಂತ ಅವಳು ಸಂಜೆಯವರೆಗೂ ಗೋದಲಿ ಕೆದಕ್ತಾ ಇದ್ದಳು.